ಬ್ರೂಪಬ್‌ನ ಸ್ಕಾಟಿಷ್ ಏಲ್: ಹೊಗೆಯ ವಾಸನೆಗೆ ಅಂಕ ಕೊಡಬೇಕೇ, ಕಳೆಯಬೇಕೇ?

ಸೂಪರ್ ಮಾರ್ಕೆಟ್ ಕಲಬುರಗಿ

ಕಲಬುರಗಿಯಿಂದ ಹೈದರಾಬಾದಿಗೆ ಕೆಲಸದ ಮೇಲೆ ಹೋಗಿಬರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಬಿಯರನ್ನು ಅಮಲಿಗಿಂತ ರುಚಿಗಾಗಿ ಕುಡಿಯುವವರು ಕೆಲವರಾದರೂ ಇರಬಹುದೆಂದು ಇದನ್ನು ಬರೆಯುತ್ತಿದ್ದೇನೆ. ಇತ್ತೀಚೆಗೆ ಅಲ್ಲಿನ ಒಂದು ಬ್ರೂಪಬ್‌ನಲ್ಲಿ, ಅಂದರೆ ಬಿಯರನ್ನು ತಾನೇ ತಯಾರಿಸಿ ಅಲ್ಲಿಯೇ ಮಾರುವ ಪಬ್‌ನಲ್ಲಿ, ಸ್ಕಾಟಿಷ್ ಏಲ್ ಎಂಬ ಹೆಸರಿನ ಬಿಯರ್ ಸಿಕ್ಕಿತು. ಗೋಡೆಯ ಕಪ್ಪು ಹಲಗೆಯ ಮೇಲೆ ಆಲ್ಕೋಹಾಲ್ 5.2%, ಕಹಿಯ ಅಳತೆ 20 ಐಬಿಯು, ಹುದುಗುವ ಮೊದಲಿನ ಸಾಂದ್ರತೆ (ನೀರಿನದು 1 ಎಂದು ಹಿಡಿದರೆ) 1.054, ಹುದುಗಿದ ನಂತರದ್ದು 1.014 ಎಂದು ಬರೆದಿದ್ದರು. ಇಷ್ಟು ವಿವರ ಕೊಡುವ ಪಬ್‌ಗಳು ಕಡಿಮೆ. ಆ ಮಟ್ಟಿಗೆ ಅವರನ್ನು ಮೆಚ್ಚಬೇಕು.

ಬಣ್ಣ ಚೆನ್ನಾಗಿ ಉಜ್ಜಿದ ತಾಮ್ರದ್ದು, ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುವಷ್ಟು ತಿಳಿ. ನೊರೆ ಕೆನೆಯ ಬಣ್ಣದ್ದಾಗಿದ್ದು, ಬಹಳ ಹೊತ್ತು ನಿಲ್ಲದಿದ್ದರೂ ಗ್ಲಾಸಿನ ಅಂಚಿಗೆ ತೆಳುವಾದ ಉಂಗುರವಾಗಿ ಕೊನೆಯವರೆಗೆ ಉಳಿಯಿತು. ಘಮದಲ್ಲಿ ಮೊದಲು ಬಂದದ್ದು ಹೊಗೆ, ಅದರ ಹಿಂದೆ ಸುಟ್ಟ ಬ್ರೆಡ್ಡಿನ ಅಂಚು ಮತ್ತು ಪಾಕಕ್ಕೆ ಬಂದ ಬೆಲ್ಲ. ಸ್ವಲ್ಪ ಹೊತ್ತಿನ ನಂತರ ಬೆಣ್ಣೆಯನ್ನು ನೆನಪಿಸುವ ಒಂದು ವಾಸನೆ. ರುಚಿಯಲ್ಲಿ ಸಿಹಿ ಮುಂದಿತ್ತು, ಕಹಿ ಹಿಂದಿತ್ತು. ಮೊದಲ ಕೆಲವು ಗುಟುಕುಗಳು ಮಾತ್ರ ಏನೂ ಹೇಳದೆ ಹೋದವು. ಅರ್ಧ ಗ್ಲಾಸಿನ ನಂತರವೇ ಬಿಯರ್ ಬಾಯಿ ಬಿಟ್ಟಿತು.

ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿ 50 ಅಂಕಗಳ ಒಂದು ಪಟ್ಟಿಯನ್ನು ಬಳಸುತ್ತದೆ: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅನ್ನಿಸುವ ದಪ್ಪ-ತೆಳುವಿಗೆ 5, ಒಟ್ಟು ಅಭಿಪ್ರಾಯಕ್ಕೆ 10. ಅದೇ ಪಟ್ಟಿಯಲ್ಲಿ ನಾನು ಕ್ರಮವಾಗಿ 8, 3, 14, 3, 6, ಒಟ್ಟು 34 ಕೊಟ್ಟಿದ್ದೇನೆ. ಆ ಪಟ್ಟಿಯ ಪ್ರಕಾರ 30ರಿಂದ 37ರವರೆಗೆ ‘ಬಹಳ ಚೆನ್ನಾಗಿದೆ’ ಎಂಬ ವರ್ಗ. ಹೊಗೆಯ ಘಮ ಸ್ಕಾಟ್ಲೆಂಡಿನ ಗುರುತೆಂದು ತಿಳಿದು ಅದಕ್ಕೆ ಅಂಕ ಸೇರಿಸಿದ್ದೇನೆ. ತಿಳಿದವರು ತಮ್ಮ ಅಭಿಪ್ರಾಯ ಹೇಳಬೇಕು.

ಶಹಾಬಾದಿ ಫರಸಿ

ತಮ್ಮ ವಿವರಣೆ ಅಚ್ಚುಕಟ್ಟಾಗಿದೆ, ಸರ್. ಆದರೆ ಹೊಗೆಗೆ ಅಂಕ ಸೇರಿಸಿದ್ದನ್ನು ನಾನು ಒಪ್ಪಲಾರೆ. ತಾವು ಬಳಸಿದ ಅದೇ ಬಿಜೆಸಿಪಿಯ ಮಾರ್ಗಸೂಚಿ ಸ್ಕಾಟಿಷ್ ಏಲ್‌ಗಳಲ್ಲಿ ಪೀಟ್ ಹೊಗೆಯ ವಾಸನೆ ಸಲ್ಲದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಹೊಗೆಯಾಡಿಸಿದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಕಿದ ಬಿಯರನ್ನು ಹೊಗೆ ಬಿಯರ್‌ಗಳ ಪ್ರತ್ಯೇಕ ವರ್ಗಕ್ಕೆ ಕಳುಹಿಸುತ್ತದೆ. ಪೀಟ್ ಎಂದರೆ ಜೌಗು ನೆಲದಲ್ಲಿ ಶತಮಾನಗಳ ಕಾಲ ಅರೆಬರೆ ಕೊಳೆತು ಪದರವಾದ ಸಸ್ಯರಾಶಿ. ಅದನ್ನು ಒಣಗಿಸಿ ಉರಿಸಿದ ಹೊಗೆಯಲ್ಲಿ ಮಾಲ್ಟ್ ಒಣಗಿಸುವುದು ಐಲಾ ದ್ವೀಪದಂಥ ಕಡೆಯ ವಿಸ್ಕಿಯವರ ಪದ್ಧತಿ. ಎಡಿನ್‌ಬರೊ ಮತ್ತು ಅಲೋವಾ ಪಟ್ಟಣಗಳ ಬಿಯರ್ ತಯಾರಕರ 19ನೇ ಶತಮಾನದ ಲೆಕ್ಕದ ಪುಸ್ತಕಗಳಲ್ಲಿ ಕಾಣುವುದು ಸಾದಾ ಪೇಲ್ ಮಾಲ್ಟ್, ಮೆಕ್ಕೆಜೋಳದ ಅವಲಕ್ಕಿಯಂಥ ಚಕ್ಕೆ, ಸಕ್ಕರೆ ಮತ್ತು ಬಣ್ಣಕ್ಕಾಗಿ ಹಾಕುವ ಕ್ಯಾರಮೆಲ್. ಹೊಗೆಯ ಕಥೆಯನ್ನು ಕಟ್ಟಿದ್ದು ಬಹುಮಟ್ಟಿಗೆ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವ ನಮ್ಮ ಕಾಲದ ಕ್ರಾಫ್ಟ್ ಬ್ರೂವರಿಗಳು. ಸ್ಕಾಟ್ಲೆಂಡ್ ಎಂದೊಡನೆ ವಿಸ್ಕಿ, ವಿಸ್ಕಿ ಎಂದೊಡನೆ ಹೊಗೆ ಎಂಬ ಸರಪಣಿಯನ್ನು ಬಿಯರಿಗೂ ಎಳೆದು ತಂದರು.

ಇನ್ನು ವರ್ಗದ ವಿಷಯ. ಸ್ಕಾಟಿಷ್ ಏಲ್ ಎಂಬುದು ಒಂದೇ ಬಿಯರ್ ಅಲ್ಲ. ಲೈಟ್, ಹೆವಿ, ಎಕ್ಸ್‌ಪೋರ್ಟ್ ಎಂದು ಮೂರು ಮೆಟ್ಟಿಲು. ಇವುಗಳನ್ನೇ 60, 70, 80 ಷಿಲ್ಲಿಂಗ್ ಎಂದೂ ಕರೆಯುತ್ತಾರೆ. 54 ಗ್ಯಾಲನ್, ಅಂದರೆ ಸುಮಾರು 245 ಲೀಟರ್ ಹಿಡಿಯುವ ಹಾಗ್ಸ್‌ಹೆಡ್ ಪೀಪಾಯಿಯ ಬೆಲೆಯಿಂದ ಹುಟ್ಟಿದ ಹೆಸರುಗಳಿವು; ಬಿಯರ್ ಗಟ್ಟಿಯಾದಷ್ಟೂ ಷಿಲ್ಲಿಂಗ್ ಹೆಚ್ಚು. ಲೈಟ್ ಸುಮಾರು 2.5ರಿಂದ 3.3%, ಹೆವಿ 3.9%ರವರೆಗೆ, ಎಕ್ಸ್‌ಪೋರ್ಟ್ 3.9ರಿಂದ 6%. ಇವೆಲ್ಲಕ್ಕಿಂತ ಮೇಲೆ 6.5%ರಿಂದ 10%ರವರೆಗಿನ ‘ವೀ ಹೆವಿ’ ಬೇರೆಯೇ ವರ್ಗ. ಲೈಟ್ ಎಂದರೆ ಬಣ್ಣವೂ ತಿಳಿಯಾಗಿರಬೇಕೆಂದೇನಿಲ್ಲ. ಮೂರರಲ್ಲಿ ಹೆಚ್ಚಾಗಿ ಕಪ್ಪಾಗಿರುವುದು ಅದೇ. ಹಲಗೆಯ ಮೇಲಿನ ಅಂಕಿಗಳ ಪ್ರಕಾರ ತಮ್ಮ ಬಿಯರ್ ಎಕ್ಸ್‌ಪೋರ್ಟ್‌ನ ಒಳಗೆ ಸರಿಯಾಗಿ ಕೂರುತ್ತದೆ. ಆದ್ದರಿಂದ ಅದನ್ನು ಟ್ರಾಕ್ವೇರ್ ಹೌಸ್‌ನ 7.2% ಏಲ್‌ನೊಂದಿಗೆ ಹೋಲಿಸದೆ, ಡನ್‌ಬಾರ್‌ನಲ್ಲಿ 1719ರಿಂದ ಇರುವ ಬೆಲ್‌ಹ್ಯಾವೆನ್‌ನವರ ಸ್ಕಾಟಿಷ್ ಏಲ್‌ನಂಥದ್ದರ ಜೊತೆ ನಿಲ್ಲಿಸಿ ನೋಡಬೇಕು.

ತೊಗರಿ ಹೊಲ

ಫರಸಿ ಅಣ್ಣಾವ್ರೇ, ಒಂದು ಸಂದೇಹ. ಸ್ಕಾಟ್ಲೆಂಡಿನಲ್ಲಿ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂ ಬೆಳೆಯುವುದಿಲ್ಲ, ಹೀಗಾಗಿಯೇ ಅಲ್ಲಿಯ ಬಿಯರಿನಲ್ಲಿ ಕಹಿ ಕಡಿಮೆ ಎಂದು ಎಲ್ಲೆಡೆ ಬರೆಯುತ್ತಾರೆ. ಅದೂ ಕಟ್ಟುಕಥೆಯೇ?

ಶಹಾಬಾದಿ ಫರಸಿ

ಹಾಪ್ಸ್ ಅಲ್ಲಿ ಚೆನ್ನಾಗಿ ಬೆಳೆಯುವುದಿಲ್ಲವೆಂಬುದು ನಿಜ, ಅದರಿಂದ ತೆಗೆದ ತೀರ್ಮಾನ ಸುಳ್ಳು. ಎಡಿನ್‌ಬರೊ ನಗರದ ಪಕ್ಕದಲ್ಲೇ ಲೀತ್ ಬಂದರಿದೆ. ಇಂಗ್ಲೆಂಡಿನ ಕೆಂಟ್‌ನಿಂದಲೂ ಹೊರದೇಶಗಳಿಂದಲೂ ಹಾಪ್ಸ್ ಬರುತ್ತಿತ್ತು. ನಮ್ಮ ದೇಶಕ್ಕೆ ಹಡಗಿನಲ್ಲಿ ಬರುತ್ತಿದ್ದ ಇಂಡಿಯಾ ಪೇಲ್ ಏಲ್‌ನ ತಯಾರಿಕೆಯಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನ ನಂತರ ದೊಡ್ಡ ಹೆಸರು ಎಡಿನ್‌ಬರೊದ್ದೇ ಆಗಿತ್ತು, ಮತ್ತು ಆ ಬಿಯರ್ ಕಹಿಗೇ ಪ್ರಸಿದ್ಧ. ಹಾಗೆಯೇ ವರ್ಟನ್ನು, ಅಂದರೆ ಹುದುಗುವ ಮೊದಲಿನ ಮಾಲ್ಟಿನ ಸಿಹಿ ರಸವನ್ನು, ಗಂಟೆಗಟ್ಟಲೆ ಕುದಿಸಿ ಕೆಂಪಾಗಿಸುವುದು ಸ್ಕಾಟ್ಲೆಂಡಿನ ಹಳೆಯ ಪದ್ಧತಿ ಎಂಬ ಮಾತಿಗೂ ದಾಖಲೆಗಳಲ್ಲಿ ಆಧಾರ ಕಾಣುವುದಿಲ್ಲ. ಇಂದಿನವರು ಹಾಗೆ ಮಾಡಿದರೆ ತಪ್ಪೇನೂ ಇಲ್ಲ, ರುಚಿ ಬರುತ್ತದೆ. ಪರಂಪರೆ ಎಂದು ಹೇಳಿ ಮಾರಬಾರದು ಅಷ್ಟೆ.

ಈಗಿನ ಶೈಲಿಯಲ್ಲಿ ಕಹಿ ಹಿಂದೆ ಸರಿದಿರುವುದಂತೂ ಸತ್ಯ. 20 ಐಬಿಯುವನ್ನು 1.054 ಸಾಂದ್ರತೆಯ ಕೊನೆಯ ಅಂಕಿಗಳಾದ 54ರಿಂದ ಭಾಗಿಸಿದರೆ 0.37 ಬರುತ್ತದೆ, ಮಾಲ್ಟ್ ಮುಂದಿರುವ ಬಿಯರಿಗೆ ಇದು ಒಪ್ಪುವ ಅನುಪಾತ.

ಮಾಂಜ್ರಾ

ಬೀದರ್‌ನಿಂದ ಬರೆಯುತ್ತಿದ್ದೇನೆ. ಹಾಲಿನ ಉತ್ಪನ್ನಗಳ ಗುಣಮಟ್ಟ ಪರೀಕ್ಷಿಸುವುದು ನನ್ನ ವೃತ್ತಿ, ಬಿಯರ್ ನನ್ನ ಪತಿಯವರ ಹವ್ಯಾಸ. ಆದರೆ ಇಲ್ಲಿ ಬೆಣ್ಣೆಯ ಮಾತು ಬಂದುದರಿಂದ ಸುಮ್ಮನಿರಲಾಗಲಿಲ್ಲ. ಹೊಗೆಯ ಗದ್ದಲದಲ್ಲಿ ಎಲ್ಲರೂ ಅದನ್ನು ದಾಟಿ ಹೋಗಿದ್ದೀರಿ, ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಅದೇ.

ಆ ವಾಸನೆಯ ಮೂಲ ಡೈಅಸಿಟೈಲ್ ಎಂಬ ಸಂಯುಕ್ತ. ಹೆಪ್ಪು ಹಾಕಿ ಹುಳಿಯಾಗಿಸಿದ ಕೆನೆಯಿಂದ ತೆಗೆದ ಬೆಣ್ಣೆಗೆ ಆ ಘಮ ಬರುವುದೂ ಇದರಿಂದಲೇ, ಮತ್ತು ಅದನ್ನು ಹೆಚ್ಚಾಗಿ ಕೊಡುವ ಬ್ಯಾಕ್ಟೀರಿಯಾಗಳನ್ನು ನಾವು ಬೇಕೆಂದೇ ಆರಿಸುತ್ತೇವೆ. ಬಿಯರಿನಲ್ಲಿ ಅದು ಬರುವ ದಾರಿ ಬೇರೆ. ಯೀಸ್ಟ್ ಹುದುಗಿಸುವಾಗ ಅದರ ಜೀವಕೋಶದಿಂದ ಆಲ್ಫಾ ಅಸಿಟೊಲ್ಯಾಕ್ಟೇಟ್ ಎಂಬ ವಸ್ತು ಹೊರಬಂದು, ಹೊರಗಿನ ದ್ರವದಲ್ಲಿ ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ. ಹುದುಗುವಿಕೆಯ ಕೊನೆಯ ಹಂತದಲ್ಲಿ ಅದೇ ಯೀಸ್ಟ್ ಇದನ್ನು ಮತ್ತೆ ಒಳಗೆ ಎಳೆದುಕೊಂಡು ಬಹುಮಟ್ಟಿಗೆ ವಾಸನೆಯಿಲ್ಲದ ವಸ್ತುವಾಗಿ ಪರಿವರ್ತಿಸುತ್ತದೆ. ಸ್ಕಾಟಿಷ್ ಏಲ್‌ಗಳನ್ನು ಇತರ ಏಲ್‌ಗಳಿಗಿಂತ ತಣ್ಣಗೆ ಹುದುಗಿಸುವ ವಾಡಿಕೆ ಇರುವುದರಿಂದ ಈ ಕೊನೆಯ ಕೆಲಸ ನಿಧಾನವಾಗುತ್ತದೆ. ತೊಟ್ಟಿ ಖಾಲಿಯಾಗಲಿ ಎಂದು ಆತುರಪಟ್ಟು ಯೀಸ್ಟನ್ನು ಬೇಗ ತೆಗೆದುಬಿಟ್ಟರೆ ಬೆಣ್ಣೆ ಹಾಗೆಯೇ ಉಳಿಯುತ್ತದೆ. ಕೊನೆಯಲ್ಲಿ ಉಷ್ಣತೆಯನ್ನು ಕೆಲವು ಡಿಗ್ರಿ ಏರಿಸಿ ಒಂದೆರಡು ದಿನ ಬಿಡುವುದು ಇದಕ್ಕೆ ಇರುವ ಉಪಾಯ.

ಆದರೆ ಇನ್ನೊಂದು ಮೂಲವೂ ಇದೆ. ಗ್ಲಾಸಿಗೆ ಬಿಯರ್ ತರುವ ಕೊಳವೆಗಳನ್ನು ಸರಿಯಾಗಿ ತೊಳೆಯದಿದ್ದರೆ ಅಲ್ಲಿ ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಇದೇ ವಾಸನೆಯನ್ನು ಕೊಡುತ್ತದೆ; ಆಗ ಸಾಮಾನ್ಯವಾಗಿ ಜೊತೆಗೆ ಹುಳಿಯೂ ಮಬ್ಬೂ ಬರುತ್ತವೆ. ಸೂಪರ್ ಮಾರ್ಕೆಟ್ ಅವರೇ, ತಮ್ಮ ಗ್ಲಾಸಿನಲ್ಲಿ ಹುಳಿ ಇತ್ತೇ? ಬೆಣ್ಣೆ ಎಷ್ಟಿತ್ತು? ಅಲ್ಪವಾದ ಬಟರ್‌ಸ್ಕಾಚ್ ಛಾಯೆಯನ್ನು ಈ ಶೈಲಿಯಲ್ಲಿ ಸಹಿಸುತ್ತಾರೆ ಎಂದು ಪತಿಯವರು ಹೇಳುತ್ತಾರೆ. ಆದ್ದರಿಂದ ಇದೆಯೇ ಎಂಬುದಕ್ಕಿಂತ ಎಷ್ಟಿದೆ ಎಂಬುದೇ ಪ್ರಶ್ನೆ.

ಸೂಪರ್ ಮಾರ್ಕೆಟ್ ಕಲಬುರಗಿ

ಅಕ್ಕಾವ್ರೇ, ಹುಳಿ ಎಳ್ಳಷ್ಟೂ ಇರಲಿಲ್ಲ, ಬಿಯರ್ ತಿಳಿಯಾಗಿತ್ತು. ಬೆಣ್ಣೆಯ ವಾಸನೆ ಮೊದಲು ಇರಲಿಲ್ಲ. ಗ್ಲಾಸು ಮೇಜಿನ ಮೇಲೆ ಕೂತು ಬೆಚ್ಚಗಾದಂತೆ ಏರುತ್ತಾ ಹೋಗಿ, ಕೊನೆಯ ಗುಟುಕುಗಳಲ್ಲಿ ಬೆಲ್ಲದ ಘಮವನ್ನೇ ಮುಚ್ಚುವಷ್ಟಾಯಿತು. ಹೊಗೆಯ ಬಗ್ಗೆ ಬಡಿಸುವ ಹುಡುಗನನ್ನು ಕೇಳಿದಾಗ, ಸ್ಕಾಟ್ಲೆಂಡಿನದಾದ್ದರಿಂದ ಹೊಗೆ ಮಾಲ್ಟ್ ಹಾಕಿರುತ್ತಾರೆ ಎಂದ. ಬಿಯರ್ ತಯಾರಿಸುವವರು ಅಂದು ಇರಲಿಲ್ಲ.

ಫರಸಿ ಅವರೇ, ನಿಯಮದ ಮಾತು ಒಪ್ಪಿದೆ, ಆದರೆ ಗ್ಲಾಸಿನಲ್ಲಿ ಆ ಹೊಗೆ ಬೆಲ್ಲದೊಂದಿಗೆ ಚೆನ್ನಾಗಿಯೇ ಹೊಂದಿತ್ತು. ರುಚಿ ಚೆನ್ನಾಗಿದ್ದರೂ ಪುಸ್ತಕದಲ್ಲಿ ಇಲ್ಲವೆಂದು ಅಂಕ ಕಳೆಯುವುದು ನನಗೆ ಸರಿಯೆನಿಸುವುದಿಲ್ಲ.

ಭೀಮಾ ದಂಡೆ

ಯಾದಗಿರಿಯಿಂದ. ಸರ್, ಅಂಕಕ್ಕಿಂತ ಮೊದಲು ತಾವು ರುಚಿ ನೋಡಿದ ಕ್ರಮವನ್ನು ತಿಳಿಸಬೇಕು. ಅದಕ್ಕೆ ಮೊದಲು ಬೇರೆ ಯಾವ ಬಿಯರ್ ಕುಡಿದಿದ್ದಿರಿ? ಮೇಜಿನ ಮೇಲೆ ತಿನ್ನಲು ಏನಿತ್ತು?

ಸೂಪರ್ ಮಾರ್ಕೆಟ್ ಕಲಬುರಗಿ

ಮೊದಲು ಒಂದು ಐಪಿಎ (ಇಂಡಿಯಾ ಪೇಲ್ ಏಲ್), ಆಮೇಲೆ ಇದು. ತಿನ್ನಲು ಮಿರ್ಚಿ ಭಜಿಯೂ ಮಸಾಲೆ ಶೇಂಗಾವೂ ಇದ್ದವು.

ಭೀಮಾ ದಂಡೆ

ಮೊದಲ ಗುಟುಕುಗಳು ಏನೂ ಹೇಳದಿದ್ದುದಕ್ಕೆ ಕಾರಣ ಅಲ್ಲಿಯೇ ಇದೆ. ಐಪಿಎಯ ಕಹಿ ನಾಲಿಗೆಯ ಮೇಲೆ ಕುಳಿತಿರುವಾಗ 20 ಐಬಿಯುವಿನ ಬಿಯರ್ ಸಪ್ಪೆಯಾಗಿಯೇ ಕಾಣುತ್ತದೆ. ಹಗುರದಿಂದ ಗಟ್ಟಿಗೆ, ಕಡಿಮೆ ಕಹಿಯಿಂದ ಹೆಚ್ಚು ಕಹಿಗೆ ಹೋಗುವುದೇ ತೀರ್ಪುಗಾರರು ಪಾಲಿಸುವ ಕ್ರಮ. ನಡುವೆ ಸಾದಾ ನೀರು ಮತ್ತು ಉಪ್ಪು-ಎಣ್ಣೆಯಿಲ್ಲದ ಬ್ರೆಡ್ಡಿನ ತುಂಡು. ಭಜಿಯ ಎಣ್ಣೆ ತುಟಿಗೆ ಹತ್ತಿದ್ದರೆ ನೊರೆಯೂ ಬೇಗ ಒಡೆಯುತ್ತದೆ. ತಮ್ಮ ಗ್ಲಾಸಿನ ನೊರೆ ಬೇಗ ಇಳಿದುದಕ್ಕೆ ಪಬ್‌ನವರೇ ಹೊಣೆ ಎಂದು ಹೇಳಲಾಗದು. ಸಾಬೂನಿನ ಪಸೆ ಉಳಿದ ಗ್ಲಾಸಿನಲ್ಲೂ ಹೀಗೆಯೇ ಆಗುತ್ತದೆ. ಅಂಥ ಗ್ಲಾಸನ್ನು ಒದ್ದೆ ಮಾಡಿ ನೋಡಿದರೆ ನೀರು ಸಮನಾಗಿ ಹರಡದೆ ಹನಿಹನಿಯಾಗಿ ನಿಲ್ಲುವುದರಿಂದ ಗುರುತು ಹಿಡಿಯಬಹುದು.

ಎರಡನೆಯ ಕಾರಣ ತಂಪು. ನಮ್ಮ ಕಡೆಯ ಬಿಸಿಲಿಗೆ ಒಗ್ಗಿದ ಗಿರಾಕಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ಬಿಯರನ್ನೇ ಕೇಳುತ್ತಾನೆ, ಪಬ್‌ನವರು 4 ಅಥವಾ 5 ಡಿಗ್ರಿಯಲ್ಲಿ ಕೊಡುತ್ತಾರೆ. ತಣ್ಣಗೆ ಹುದುಗಿಸಿದ ಬಿಯರ್ ಆದ ಲಾಗರ್‌ಗೆ ಅದು ನಡೆಯುತ್ತದೆ. ಸ್ಕಾಟಿಷ್ ಏಲ್‌ಗೆ 10ರಿಂದ 13 ಡಿಗ್ರಿ ಬೇಕು, ಏಕೆಂದರೆ ತಂಪು ಹೆಚ್ಚಾದಷ್ಟೂ ಘಮದ ಕಣಗಳು ಮೇಲೇಳುವುದಿಲ್ಲ, ನಾಲಿಗೆಗೆ ಸಿಹಿ ಮಂಕಾಗುತ್ತದೆ, ಕಹಿ ಮತ್ತು ಗ್ಯಾಸಿನ ಚುರುಕು ಮಾತ್ರ ಮುಂದೆ ಬರುತ್ತವೆ. ಬೆಣ್ಣೆಯೂ ಬೆಲ್ಲವೂ ತಡವಾಗಿ ಬಂದದ್ದು ಆಶ್ಚರ್ಯವಲ್ಲ. ಗ್ಲಾಸನ್ನು ಎರಡೂ ಅಂಗೈಗಳಿಂದ ಹಿಡಿದು ಬೆಚ್ಚಗಾಗಿಸಿ, ಮೊದಲು ಮೂಸಿ, ಮೂಸಿದ್ದನ್ನು ಯಾರೊಂದಿಗೂ ಮಾತಾಡದೆ ಬರೆದಿಟ್ಟುಕೊಂಡು, ಆಮೇಲೆ ಕುಡಿಯಬೇಕು. ಪಕ್ಕದಲ್ಲಿ ಕುಳಿತವರು ಒಮ್ಮೆ ‘ಹೊಗೆ’ ಎಂದುಬಿಟ್ಟರೆ ಮೇಜಿನ ಎಲ್ಲರಿಗೂ ಹೊಗೆಯೇ ಬರುತ್ತದೆ.

ಶಹಾಬಾದಿ ಫರಸಿ

ಭೀಮಾ ದಂಡೆಯವರ ಕೊನೆಯ ಮಾತಿನಿಂದ ಇನ್ನೊಂದು ಅನುಮಾನ ಬರುತ್ತಿದೆ: ಆ ಹೊಗೆ ನಿಜವಾಗಿಯೂ ಹೊಗೆಯೇ? ಬಡಿಸುವವರ ಮಾತನ್ನು ಸಾಕ್ಷಿಯಾಗಿ ನಾನು ಹಿಡಿಯಲಾರೆ. ಪೀಟ್ ಹೊಗೆಯ ವಾಸನೆಗೆ ಕಾರಣವಾಗುವ ಫೀನಾಲ್ ಎಂಬ ರಾಸಾಯನಿಕಗಳ ಕುಟುಂಬದವೇ ಆದ ಬೇರೆ ವಸ್ತುಗಳು ಬಿಯರಿನಲ್ಲಿ ಬೇರೆ ದಾರಿಗಳಿಂದಲೂ ಬರುತ್ತವೆ. ನಗರದ ನಲ್ಲಿ ನೀರಿನ ಕ್ಲೋರಿನ್ ಉಳಿದಿದ್ದರೆ ಅದು ಮಾಲ್ಟಿನ ಫೀನಾಲ್‌ಗಳ ಜೊತೆ ಸೇರಿ ಕ್ಲೋರೊಫೀನಾಲ್ ಆಗುತ್ತದೆ. ಆಸ್ಪತ್ರೆಯ ಬ್ಯಾಂಡೇಜಿನ, ಔಷಧದ ವಾಸನೆ ಅದು, ಅತಿ ಅಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಾಗುತ್ತದೆ. ಇದ್ದಿಲಿನ ಸೋಸಣಿಗೆಯಿಂದ ಅಥವಾ ಚಿಟಿಕೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್‌ನಿಂದ ಕ್ಲೋರಿನ್ ಹೋಗುತ್ತದೆ. ಕಾಡು ಯೀಸ್ಟ್ ಸೇರಿದ್ದರೆ ಲವಂಗದ ಅಥವಾ ಕುದುರೆಲಾಯದ ವಾಸನೆ. ಮೂರೂ ಬೇರೆ ಬೇರೆ. ಮೊದಲ ಬಾರಿಗೆ ಮೂಸಿದವರಿಗೆ ಎಲ್ಲವೂ ಹೊಗೆಯೆನಿಸಬಹುದು.

ನೀರಿನ ಮಾತು ಬಂದುದರಿಂದ ಒಂದು ಅಡ್ಡಮಾತು. ನಮ್ಮ ಶಹಾಬಾದ್, ವಾಡಿ, ಸೇಡಂ ಕಡೆ ನೆಲದಡಿ ಸುಣ್ಣಕಲ್ಲು. ಫರಸಿಯೂ ಅದರಿಂದಲೇ, ಸಿಮೆಂಟ್ ಕಾರ್ಖಾನೆಗಳೂ ಅದರಿಂದಲೇ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಎಲ್ಲರ ಮನೆಯಲ್ಲೂ ಇದೆ. ಬೈಕಾರ್ಬನೇಟ್ ಹೆಚ್ಚಿರುವ ಇಂಥ ನೀರಿನಲ್ಲಿ ಬರಿಯ ತಿಳಿ ಮಾಲ್ಟ್ ನೆನೆಸಿದರೆ ಪಿಎಚ್ ಇರಬೇಕಾದ 5.2ರಿಂದ 5.6ರ ಮಟ್ಟಕ್ಕೆ ಇಳಿಯುವುದಿಲ್ಲ, ಸಿಪ್ಪೆಯ ಒಗರು ಇಳಿದುಬರುತ್ತದೆ. ಹುರಿದ ಕಪ್ಪು ಮಾಲ್ಟ್ ಸ್ವಲ್ಪ ಸೇರಿಸಿದರೆ ಅದರ ಆಮ್ಲೀಯ ಗುಣದಿಂದ ಪಿಎಚ್ ಇಳಿಯುತ್ತದೆ. ಎಡಿನ್‌ಬರೊದ ಬಾವಿಗಳ ನೀರೂ ಗಡಸೇ. ನಮ್ಮ ಊರಿನಲ್ಲಿ ಯಾರಾದರೂ ಪರವಾನಗಿ ಪಡೆದು ಬ್ರೂಪಬ್ ತೆರೆದರೆ ತಿಳಿ ಲಾಗರ್‌ಗಿಂತ ಈ ತಾಮ್ರವರ್ಣದ ಏಲ್‌ಗಳೇ ನಮ್ಮ ನೀರಿಗೆ ಹೆಚ್ಚು ಒಗ್ಗುತ್ತವೆ ಎಂಬುದು ನನ್ನ ಅಂದಾಜು. ಆದರೆ ಆರ್‌ಓ ಯಂತ್ರ ಇಟ್ಟುಕೊಂಡವರಿಗೆ ಈ ಲೆಕ್ಕವೆಲ್ಲ ಬೇಕಾಗುವುದಿಲ್ಲ.

ತೊಗರಿ ಹೊಲ

ಪರವಾನಗಿ ಎಂದಿದ್ದೀರಿ. ಮನೆಯಲ್ಲಿ, ಮಾರಾಟಕ್ಕಲ್ಲದೆ, ಸ್ವಂತಕ್ಕೆ ಸ್ವಲ್ಪ ಮಾಡಿಕೊಂಡರೆ?

ಭೀಮಾ ದಂಡೆ

ಬೇಡ, ತಮ್ಮಾ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಬಿಯರೂ ಅದರಲ್ಲಿ ಬರುತ್ತದೆ. ಹೈದರಾಬಾದಿನಿಂದ ಕ್ಯಾನಿನಲ್ಲಿ ತುಂಬಿಸಿಕೊಂಡು ಗಡಿ ದಾಟಿ ತರುವ ಯೋಚನೆಯನ್ನೂ ಬಿಟ್ಟುಬಿಡಿ. ಅಲ್ಲಿಯೇ ಕುಡಿದು, ಅಲ್ಲಿಯೇ ಬರೆದು, ರೈಲಿನಲ್ಲಿ ಊರಿಗೆ ಬನ್ನಿ.

ಮಾಂಜ್ರಾ

ಸೂಪರ್ ಮಾರ್ಕೆಟ್ ಅವರ ಉತ್ತರದಿಂದ ನನ್ನ ಅನುಮಾನ ಬಹುಮಟ್ಟಿಗೆ ಪರಿಹಾರವಾಯಿತು. ಹುಳಿಯಿಲ್ಲ, ಮಬ್ಬಿಲ್ಲ, ಬೆಚ್ಚಗಾದಂತೆ ಬೆಣ್ಣೆ ಏರುತ್ತದೆ ಎಂದರೆ ದೋಷ ಹೆಚ್ಚಾಗಿ ತೊಟ್ಟಿಯಲ್ಲಿದೆ, ಕೊಳವೆಯಲ್ಲಲ್ಲ. ಯೀಸ್ಟಿಗೆ ಕೊನೆಯ ದಿನಗಳನ್ನು ಕೊಟ್ಟಿಲ್ಲ. ಇದನ್ನು ತಯಾರಕರೇ ಮೊದಲು ಕಂಡುಹಿಡಿಯಬಹುದಿತ್ತು: ಬಿಯರಿನ ಮಾದರಿಯನ್ನು ಮುಚ್ಚಿದ ಪಾತ್ರೆಯಲ್ಲಿ ಸುಮಾರು 60 ಡಿಗ್ರಿಗೆ ಕಾಯಿಸಿ ಸ್ವಲ್ಪ ಹೊತ್ತು ಇಟ್ಟು, ತಣಿಸಿ, ಕಾಯಿಸದ ಮಾದರಿಯ ಪಕ್ಕದಲ್ಲಿಟ್ಟು ಮೂಸಬೇಕು. ಕಾಯಿಸಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ, ಇನ್ನೂ ಡೈಅಸಿಟೈಲ್ ಆಗಬೇಕಾದ ವಸ್ತು ಒಳಗೆ ಉಳಿದಿದೆ, ತೊಟ್ಟಿಯನ್ನು ತಂಪು ಮಾಡುವ ಹೊತ್ತು ಬಂದಿಲ್ಲ ಎಂದು ಅರ್ಥ.

ಇನ್ನು ತಮ್ಮ ಮೂಗನ್ನು ನಂಬಬೇಕೇ ಎಂಬ ಪ್ರಶ್ನೆ. ನಮ್ಮ ಪ್ರಯೋಗಾಲಯದಲ್ಲಿ ಇದಕ್ಕೆ ತ್ರಿಕೋನ ಪರೀಕ್ಷೆ ಮಾಡುತ್ತೇವೆ. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಮಾದರಿ, ಒಂದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಊಹೆಯಿಂದಲೇ ಹೇಳಿದರೂ ಮೂರರಲ್ಲಿ ಒಂದು ಸರಿಯಾಗುತ್ತದೆ, ಆದ್ದರಿಂದ ಒಂದು ಸಲ ಸರಿ ಹೇಳಿದ್ದಕ್ಕೆ ಬೆಲೆಯಿಲ್ಲ. ಹಲವರು, ಹಲವು ಸಲ ಸರಿ ಹೇಳಬೇಕು. ಮುಂದಿನ ಸಲ ಮೂರು ಜನ ಹೋದಾಗ, ಅದೇ ಪಬ್‌ನ ಬೇರೊಂದು ಕೆಂಪು ಏಲ್‌ನೊಂದಿಗೆ, ಬಣ್ಣ ಕಾಣದಂತೆ ಕಣ್ಣು ಮುಚ್ಚಿ ಮೂಸಿ ನೋಡಿ. ಹಲವು ಸಲ ಸರಿ ಗುರುತಿಸಿದರೆ ವಾಸನೆಯಲ್ಲಿ ವ್ಯತ್ಯಾಸ ಇದೆಯೆಂಬುದಾದರೂ ತಿಳಿಯುತ್ತದೆ.

ತೊಗರಿ ಹೊಲ

ಮಿರ್ಚಿ ಭಜಿಯನ್ನು ಅಂಕ ಹಾಕುವಾಗ ದೂರವಿಡಬೇಕೆಂಬುದು ಸರಿ, ಆದರೆ ಅಂಕದ ಪುಸ್ತಕ ಮುಚ್ಚಿದ ಮೇಲೆ ಈ ಏಲ್‌ಗಿಂತ ನಮ್ಮ ಖಾರಕ್ಕೆ ಹೊಂದುವುದು ಬೇರೆ ಇಲ್ಲ. ಐಪಿಎಯ ಕಹಿ ಖಾರವನ್ನು ಕೆರಳಿಸುತ್ತದೆ. ಮಾಲ್ಟಿನ ಸಿಹಿ ಅದನ್ನು ತಣಿಸುತ್ತದೆ. ತಹರಿಯ ಜೊತೆಗೆ ಕುಡಿದು ನೋಡಿದವನ ಮಾತಿದು.

ಸೂಪರ್ ಮಾರ್ಕೆಟ್ ಕಲಬುರಗಿ

ಎಲ್ಲರ ಮಾತನ್ನೂ ಓದಿದೆ. ನನ್ನ ಅಭಿಪ್ರಾಯದಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಡಬೇಕು: ಇದು ಒಳ್ಳೆಯ ಸ್ಕಾಟಿಷ್ ಎಕ್ಸ್‌ಪೋರ್ಟ್ ಹೌದೇ, ಮತ್ತು ಇದು ಒಳ್ಳೆಯ ಬಿಯರ್ ಹೌದೇ. ಎರಡನೆಯದಕ್ಕೆ ನನ್ನ 34 ಹಾಗೆಯೇ ಇರಲಿ. ಮೊದಲನೆಯದಕ್ಕೆ ಫರಸಿ ಅವರೇ ಅಂಕ ಹಾಕಲಿ, ಗ್ಲಾಸನ್ನು ನೋಡದಿದ್ದರೂ ವಿವರಗಳೆಲ್ಲ ಅವರ ಮುಂದಿವೆ.

ಶಹಾಬಾದಿ ಫರಸಿ

ಕಾಣದ ಬಿಯರಿಗೆ ಅಂಕ ಹಾಕುವುದು ಪದ್ಧತಿಯಲ್ಲ. ಆದರೂ ತಾವು ಹೇಳಿದ್ದೀರೆಂದು, ತಮ್ಮ ವಿವರಣೆಯನ್ನು ನಂಬಿ ಹಾಕುತ್ತೇನೆ. ಘಮಕ್ಕೆ 5, ಏಕೆಂದರೆ ಹೊಗೆ ಮುಂದೆ ನಿಂತು ಮಾಲ್ಟನ್ನು ಹಿಂದೆ ತಳ್ಳಿದೆ. ನೋಟಕ್ಕೆ 3. ರುಚಿಗೆ 11, ಬೆಣ್ಣೆ ಮಿತಿ ಮೀರಿದ್ದಕ್ಕಾಗಿ. ದಪ್ಪ-ತೆಳುವಿಗೆ 3, ಒಟ್ಟು ಅಭಿಪ್ರಾಯಕ್ಕೆ 5. ಎಲ್ಲ ಸೇರಿ 27, ‘ಚೆನ್ನಾಗಿದೆ’ ಎಂಬ ವರ್ಗ. ಕಳೆದದ್ದರಲ್ಲಿ ಬೆಣ್ಣೆಯ ಪಾಲು ತಯಾರಕರ ಆತುರದ್ದು, ಹೊಗೆಯ ಪಾಲು ಅವರ ಆಯ್ಕೆಯದ್ದು. ಫಲಕದಲ್ಲಿ ‘ಹೊಗೆಯಾಡಿಸಿದ ಸ್ಕಾಟಿಷ್ ಏಲ್’ ಎಂದು ಬರೆದಿದ್ದರೆ ಹೊಗೆಗಾಗಿ ಒಂದು ಅಂಕವನ್ನೂ ಕಳೆಯುತ್ತಿರಲಿಲ್ಲ.

ದಪ್ಪ-ತೆಳುವಿಗೆ ತಾವೂ 3 ಕೊಟ್ಟಿದ್ದೀರಿ, ಕಾರಣ ಬರೆದಿಲ್ಲ. ನನಗೆ ಕಾರಣ ಅಂಕಿಗಳಲ್ಲೇ ಕಾಣುತ್ತದೆ. 1.054ರಿಂದ 1.014ಕ್ಕೆ ಇಳಿದಿದೆ ಎಂದರೆ ಸಕ್ಕರೆಯಂಶದಲ್ಲಿ ಸುಮಾರು 74%ರಷ್ಟನ್ನು ಯೀಸ್ಟ್ ತಿಂದಿದೆ ಎಂದು ಲೆಕ್ಕ. ಈ ಶೈಲಿಗೆ ಇದು ಸ್ವಲ್ಪ ಒಣಗಿದ ಕಡೆಗೇ. ಮಾಲ್ಟ್ ನೆನೆಸುವ ನೀರಿನ ಉಷ್ಣತೆ 65 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಹುದುಗುವ ಸಕ್ಕರೆ ಹೆಚ್ಚಾಗಿ ಬಿಯರ್ ತೆಳುವಾಗುತ್ತದೆ. 68 ಅಥವಾ 69ರಲ್ಲಿ ಇಟ್ಟರೆ ಯೀಸ್ಟ್ ತಿನ್ನಲಾಗದ ಡೆಕ್ಸ್‌ಟ್ರಿನ್‌ಗಳು ಹೆಚ್ಚು ಉಳಿದು ಬಾಯಿ ತುಂಬುತ್ತದೆ. ಮುಂದಿನ ಸಲ ಹೋದಾಗ ತಯಾರಕರು ಸಿಕ್ಕರೆ ಮೂರು ಸಂಗತಿಗಳನ್ನು ಕೇಳಿ ಇಲ್ಲಿಯೇ ಬರೆಯಿರಿ: ಮಾಲ್ಟನ್ನು ಎಷ್ಟು ಡಿಗ್ರಿಯಲ್ಲಿ ನೆನೆಸಿದರು, ಹುದುಗಿದ ಮೇಲೆ ಯೀಸ್ಟನ್ನು ಎಷ್ಟು ದಿನ ಬಿಟ್ಟರು, ಪೀಟ್ ಮಾಲ್ಟ್ ನಿಜವಾಗಿಯೂ ಹಾಕಿದ್ದರೇ, ಹಾಕಿದ್ದರೆ ಒಟ್ಟು ಮಾಲ್ಟಿನಲ್ಲಿ ಶೇಕಡಾ ಎಷ್ಟು. ಹಾಕಿಲ್ಲವೆಂದರೆ ನೀರಿನ ಸೋಸಣಿಗೆಯ ಬಗ್ಗೆ ನಾಲ್ಕನೆಯ ಪ್ರಶ್ನೆ.